ಅಂಕಪಟ್ಟಿಯಲ್ಲಿ ಅಚ್ಚಾಗದ ಸಂಖ್ಯೆ

ಪದವಿ ಪರೀಕ್ಷೆಯ ಫಲಿತಾಂಶ ಬಂದ ವಾರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಕಾಲೇಜುಗಳಲ್ಲಿ ಕೇಳುವ ಮಾತು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ‘ಚಲೋ ಬರದಿದ್ದೆ, ಮಾರ್ಕ್ಸ್ ಹಾಕಿಲ್ಲ.’ ‘ನನಗಿಂತ ಕಡಿಮಿ ಬರದಾಕಿಗೆ ಜಾಸ್ತಿ ಬಂದಾವ.’ ‘ಓದಿದ್ದು ಒಂದೂ ಬರಲಿಲ್ಲ.’ ‘ಆ ಕಾಲೇಜಿನವರಿಗೆಲ್ಲಾ ಎಪ್ಪತ್ತರ ಮ್ಯಾಲ ಕೊಟ್ಟಾರ.’ ಮನೆಯ ಹಿರಿಯರು ಇದನ್ನು ಓದದವರ ನೆಪ ಎನ್ನುತ್ತಾರೆ. ಹುಡುಗರು ಯಾರೋ ಬೇಕೆಂದೇ ಅನ್ಯಾಯ ಮಾಡಿದ್ದಾರೆ ಎನ್ನುತ್ತಾರೆ. ಎರಡೂ ಮಾತು ಆತುರದವು. ಈ ದೂರುಗಳನ್ನು ಒಂದೊಂದಾಗಿ ತೆಗೆದು ಪರಿಶೀಲಿಸಬಹುದು. ಅದಕ್ಕೆಂದೇ ಒಂದು ವಿಜ್ಞಾನ ನೂರಮೂವತ್ತು ವರ್ಷಗಳಿಂದ ಬೆಳೆದುಬಂದಿದೆ.

ಮುಧೋಳದ ನೆಲಕ್ಕೆ ಈ ಪ್ರಶ್ನೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಇಲ್ಲಿ ಹುಟ್ಟಿದ ರನ್ನ ತನ್ನ ಕಾವ್ಯವನ್ನು ಪರೀಕ್ಷಿಸಲು ಬರುವವನಿಗೆ ಎಂಟೆದೆ ಬೇಕು ಎಂದು ಸವಾಲು ಹಾಕಿದವನು. ಪರೀಕ್ಷಕನಿಗೂ ಯೋಗ್ಯತೆಯ ಪರೀಕ್ಷೆ ಬೇಕು ಎಂಬ ಆ ಮಾತನ್ನು ಲೆಕ್ಕದ ಮೂಲಕ ಕೇಳಿದವನು 1888ರಲ್ಲಿ ಐರ್ಲೆಂಡ್ ಮೂಲದ ಅರ್ಥಶಾಸ್ತ್ರಜ್ಞ ಫ್ರಾನ್ಸಿಸ್ ಎಜ್‌ವರ್ತ್. ಒಂದೇ ನಕ್ಷತ್ರದ ಸ್ಥಾನವನ್ನು ಹತ್ತು ಖಗೋಳಜ್ಞರು ಅಳೆದರೆ ಹತ್ತು ಅಂಕಿ ಬರುತ್ತವೆ. ಅವುಗಳ ಸರಾಸರಿಯೇ ನಿಜಕ್ಕೆ ಹತ್ತಿರವೆಂದು ವಿಜ್ಞಾನ ಒಪ್ಪಿಕೊಂಡಿದೆ. ಉತ್ತರಪತ್ರಿಕೆಗೂ ಅದೇ ನಿಯಮ ಏಕೆ ಬೇಡ ಎಂಬುದು ಅವನ ಪ್ರಶ್ನೆ. ಒಂದೇ ಲ್ಯಾಟಿನ್ ಗದ್ಯಕ್ಕೆ 28 ಮಂದಿ ಅನುಭವಿ ಪರೀಕ್ಷಕರು ಕೊಟ್ಟ ಅಂಕಗಳನ್ನು ಅವನು ಮುಂದಿಟ್ಟ. ಕಡಿಮೆಯೆಂದರೆ 45, ಹೆಚ್ಚೆಂದರೆ 100. ಅವರಲ್ಲಿ ಯಾರೂ ಮೋಸ ಮಾಡಿರಲಿಲ್ಲ, ಯಾರೂ ಅಸಮರ್ಥರಾಗಿರಲಿಲ್ಲ.

ಭಾಷೆಯ ಪತ್ರಿಕೆಯಲ್ಲಿ ಹೀಗಾಗುವುದು ಸಹಜ, ಗಣಿತದಲ್ಲಿ ಆಗದು ಎಂದು ಅಂದೂ ಹಲವರು ಹೇಳಿದರು. ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ 1912ರಲ್ಲಿ ಇಂಗ್ಲಿಷ್ ಪತ್ರಿಕೆಗಳನ್ನೂ, ಮರುವರ್ಷ ಒಂದು ರೇಖಾಗಣಿತದ ಉತ್ತರಪತ್ರಿಕೆಯನ್ನೂ ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳಿಸಿ ನೋಡಿದರು. ಗಣಿತದ ಆ ಒಂದೇ ಉತ್ತರಪತ್ರಿಕೆಗೆ 28ರಿಂದ ತೊಂಬತ್ತರ ಆಚೆಯವರೆಗೆ ಅಂಕ ಬಿದ್ದವು. ಉತ್ತರ ತಪ್ಪಾದರೂ ವಿಧಾನ ಸರಿಯಿದ್ದರೆ ಎಷ್ಟು ಕೊಡಬೇಕು, ಚಿತ್ರ ಅಂದವಾಗಿಲ್ಲದಿದ್ದರೆ ಕಡಿತ ಮಾಡಬೇಕೇ ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ನಿಲುವು.

ನಮಗೆ ಇನ್ನೂ ಹತ್ತಿರದವರು ಫಿಲಿಪ್ ಹಾರ್ಟಾಗ್. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಇವರು ಮುಂದೆ ಭಾರತದ ಶಿಕ್ಷಣದ ಮೇಲೆ 1929ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಆಗಿದ್ದರು. 1935ರಲ್ಲಿ ಅವರು ರೋಡ್ಸ್ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಒಂದೇ ಅಂಕ ಪಡೆದಿದ್ದ 15 ಇತಿಹಾಸ ಉತ್ತರಪತ್ರಿಕೆಗಳನ್ನು 15 ಪರೀಕ್ಷಕರಿಗೆ ಕೊಡಲಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅದೇ ಪತ್ರಿಕೆಗಳನ್ನು ಅವರಲ್ಲಿ 14 ಮಂದಿಗೆ ಮತ್ತೆ ಕೊಟ್ಟರು. ಒಟ್ಟು 210 ತೀರ್ಪುಗಳಲ್ಲಿ 92 ಬದಲಾದವು. ಫೇಲಾದವರು ಪಾಸಾದರು, ಪಾಸಾದವರು ಫೇಲಾದರು. ಇಲ್ಲಿ ಬೇರೆಬೇರೆ ಪರೀಕ್ಷಕರ ನಡುವಿನ ಭಿನ್ನಾಭಿಪ್ರಾಯದ ಮಾತಿಲ್ಲ. ಅದೇ ಮನುಷ್ಯ ತನ್ನದೇ ತೀರ್ಪಿಗೆ ಒಪ್ಪಲಿಲ್ಲ. ನಾನು ಓದಿದ ಪರೀಕ್ಷಾ ಸಂಶೋಧನೆಯಲ್ಲಿ ನನ್ನನ್ನು ಬಹಳ ಕಾಡಿದ ಅಂಕಿ ಇದು.

ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಅಳತೆಯ ನ್ಯಾಯದ ಬಗ್ಗೆ ಪಾಠ ಹೇಳಬೇಕಾಗಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಕಾರ್ಖಾನೆಯ ಕಾಟಾದ ಮೇಲೆ ನಿಂತಾಗ ತೋರುವ ಅಂಕಿಯ ಮೇಲೆ ವರ್ಷದ ದುಡಿಮೆ ನಿಂತಿದೆ. ಇಳುವರಿಯ ಲೆಕ್ಕವೂ ಹಾಗೆಯೇ. 2024-25ರ ಹಂಗಾಮಿನಲ್ಲಿ ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ ನಿಗದಿಯಾಗಿತ್ತು. ಅದಕ್ಕಿಂತ ಪ್ರತಿ 0.1ರಷ್ಟು ಹೆಚ್ಚಾದರೆ ಇನ್ನೂ 3.32 ರೂಪಾಯಿ. ಆದ್ದರಿಂದಲೇ ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ವರ್ಷಕ್ಕೊಮ್ಮೆ ಗೊತ್ತಿರುವ ತೂಕವಿಟ್ಟು ಅದನ್ನು ಪರೀಕ್ಷಿಸಬೇಕು. ಅನುಮಾನ ಬಂದ ರೈತ ಹೊರಗಿನ ಕಾಟಾದಲ್ಲಿ ತೂಗಿಸಿಕೊಂಡೂ ಬರುತ್ತಾನೆ. ಅದೇ ರೈತನ ಮಗಳು ಬಿ.ಎ. ಕೊನೆಯ ಸೆಮಿಸ್ಟರಿನಲ್ಲಿ ಬರೆದ ಉತ್ತರವನ್ನು ತೂಗುವ ಕೈಗೆ ಅಂಥ ಮುದ್ರೆ ಇಲ್ಲ.

ತಕ್ಕಡಿಯಲ್ಲಿ ಎರಡು ಬಗೆಯ ದೋಷ ಇರಬಹುದು. ಒಂದು, ಯಾವಾಗಲೂ ಇಷ್ಟೇ ಕಡಿಮೆ ಅಥವಾ ಇಷ್ಟೇ ಹೆಚ್ಚು ತೋರಿಸುವುದು. ಇನ್ನೊಂದು, ಅದೇ ಹೊರೆಗೆ ಪ್ರತಿ ಸಲ ಬೇರೆ ಅಂಕಿ ತೋರಿಸುವುದು. ಮೌಲ್ಯಮಾಪನದಲ್ಲಿ ಎರಡೂ ಇವೆ. ಬಿಗಿಕೈಯವರು, ಉದಾರಿಗಳು ಎಂದು ವಿದ್ಯಾರ್ಥಿಗಳು ಗುರುತಿಸುವುದು ಮೊದಲನೆಯ ದೋಷವನ್ನು. ಒಂದು ಕಾಲೇಜಿನ ಪತ್ರಿಕೆಗಳೆಲ್ಲ ಒಂದೇ ಬಂಡಲಿನಲ್ಲಿ ಕಟ್ಟಿ ಒಬ್ಬರ ಕೈಗೆ ಹೋದರೆ ಇಡೀ ಕಾಲೇಜಿನ ಅಂಕಗಳು ಒಟ್ಟಿಗೆ ಏರುತ್ತವೆ, ಇಲ್ಲವೇ ಇಳಿಯುತ್ತವೆ. ‘ಆ ಕಾಲೇಜಿನವರಿಗೆಲ್ಲಾ ಕೊಟ್ಟಾರ’ ಎಂಬ ದೂರು ಯಾರ ಪಕ್ಷಪಾತವೂ ಇಲ್ಲದೆಯೇ ನಿಜವಾಗಬಹುದು. ಪತ್ರಿಕೆಗಳನ್ನು ಕೋಡ್ ಹಾಕಿ, ಕಾಲೇಜುಗಳನ್ನು ಬೆರೆಸಿ, ಬಂಡಲ್ ಕಟ್ಟಿದರೆ ಈ ದೋಷ ಎಲ್ಲರಿಗೂ ಹಂಚಿಹೋಗುತ್ತದೆ. ಖರ್ಚಿಲ್ಲದ ಕೆಲಸ.

ಎರಡನೆಯ ದೋಷ ಹಿಡಿಯುವುದು ಕಷ್ಟ. ಹತ್ತು ದುರ್ಬಲ ಉತ್ತರಗಳ ಬಳಿಕ ಬಂದ ಸಾಧಾರಣ ಉತ್ತರ ಚೆನ್ನಾಗಿ ಕಾಣುತ್ತದೆ. ಮೊದಲ ಪುಟದ ದುಂಡು ಅಕ್ಷರ ಕೊನೆಯ ಪುಟದ ಅಂಕವನ್ನೂ ಹಿಗ್ಗಿಸುತ್ತದೆ. ಒಂದು ಗುಣ ಕಂಡು ಉಳಿದ ಗುಣಗಳನ್ನೂ ಊಹಿಸಿಕೊಳ್ಳುವ ಈ ಒಲವನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿಯೇ ದಾಖಲಿಸಿದ್ದಾನೆ. ಬೆಳಗಿನ ಪತ್ರಿಕೆಗೂ ಸಂಜೆ ದಣಿದಾಗ ನೋಡಿದ ಪತ್ರಿಕೆಗೂ ಸಿಗುವ ಗಮನ ಒಂದೇ ಅಲ್ಲ. ಮೌಲ್ಯಮಾಪನಕ್ಕೆ ಕೂರುವವರಲ್ಲಿ ಅತಿಥಿ ಉಪನ್ಯಾಸಕರೂ ಇರುತ್ತಾರೆ. ಅವರ ವೇತನ, ಅವರ ಅಭದ್ರತೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅವರನ್ನು ದೂರಿ ಪ್ರಯೋಜನವಿಲ್ಲ. ಮನುಷ್ಯನ ಕಣ್ಣು ಹೀಗೆಯೇ ಕೆಲಸ ಮಾಡುತ್ತದೆ ಎಂದು ಒಪ್ಪಿ ವ್ಯವಸ್ಥೆಯನ್ನು ಅದಕ್ಕೆ ತಕ್ಕಂತೆ ಕಟ್ಟಬೇಕು. ಒಬ್ಬ ವಿದ್ಯಾರ್ಥಿಯ ಪೂರ್ತಿ ಪತ್ರಿಕೆಯನ್ನು ಒಂದೇ ಬೈಠಕ್ಕಿನಲ್ಲಿ ನೋಡುವ ಬದಲು ಬಂಡಲಿನ ಎಲ್ಲ ಪತ್ರಿಕೆಗಳ ಒಂದನೆಯ ಪ್ರಶ್ನೆ, ಬಳಿಕ ಎಲ್ಲರ ಎರಡನೆಯ ಪ್ರಶ್ನೆ ಎಂದು ನೋಡುತ್ತ ಹೋದರೆ ಮೊದಲ ಪುಟದ ಪ್ರಭಾವ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಇನ್ನು ಪ್ರಶ್ನೆಪತ್ರಿಕೆ. ‘ಓದಿದ್ದು ಬರಲಿಲ್ಲ’ ಎಂಬ ಮಾತಿಗೆ ನಾವು ನಗುತ್ತೇವೆ. ಆದರೆ ಒಂದು ಸೆಮಿಸ್ಟರಿನ ಪಠ್ಯದಿಂದ ನೂರಾರು ಪ್ರಶ್ನೆ ಹುಟ್ಟಬಲ್ಲವು, ಪತ್ರಿಕೆಯಲ್ಲಿ ಬರುವುದು ಹತ್ತೋ ಹನ್ನೆರಡೋ. ಅದೊಂದು ಸ್ಯಾಂಪಲ್ ಅಷ್ಟೆ. ಬೇರೆ ಹತ್ತು ಪ್ರಶ್ನೆ ಬಂದಿದ್ದರೆ ಅದೇ ಹುಡುಗಿಯ ಅಂಕ ಬೇರೆಯಾಗುತ್ತಿತ್ತು. ಲೀ ಕ್ರಾನ್‌ಬಾಕ್ ಮತ್ತು ಜೊತೆಗಾರರು 1972ರಲ್ಲಿ ಅಂಕದ ಏರಿಳಿತವನ್ನು ವಿದ್ಯಾರ್ಥಿಯ ಪಾಲು, ಪರೀಕ್ಷಕರ ಪಾಲು, ಪ್ರಶ್ನೆಗಳ ಪಾಲು ಎಂದು ಬಿಡಿಸುವ ಸಿದ್ಧಾಂತವನ್ನು ಪೂರ್ಣರೂಪದಲ್ಲಿ ಪ್ರಕಟಿಸಿದರು. ಮುಂದೆ ಇದನ್ನು ಬಳಸಿದ ಅಧ್ಯಯನಗಳಲ್ಲಿ ಅನೇಕ ಕಡೆ ಪ್ರಶ್ನೆಗಳ ಪಾಲು ಪರೀಕ್ಷಕರ ಪಾಲಿಗಿಂತ ದೊಡ್ಡದಾಗಿ ಕಂಡಿತು. ಪ್ರಶ್ನೆ ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚು. ಹದಿನೈದು ಅಂಕದ ನಾಲ್ಕು ದೀರ್ಘ ಪ್ರಶ್ನೆಗಳಿಗಿಂತ ಐದು ಅಂಕದ ಹನ್ನೆರಡು ಪ್ರಶ್ನೆಗಳು ಹೆಚ್ಚು ನ್ಯಾಯವಾದವು. ದೀರ್ಘ ಬರವಣಿಗೆಯ ಕಲೆಯನ್ನು ಅಳೆಯಲು ಒಂದೆರಡು ದೊಡ್ಡ ಪ್ರಶ್ನೆ ಸಾಕು.

ಪ್ರಶ್ನೆ ಪಠ್ಯದೊಳಗಿನದೇ ಎಂಬುದೂ ಪ್ರಶ್ನೆಯೇ. 2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದಿವೆ ಎಂದು ವಿದ್ಯಾರ್ಥಿಗಳು ದೂರಿದರು. ತಜ್ಞರ ಸಮಿತಿ ನೋಡಿದ ಮೇಲೆ 50 ಪ್ರಶ್ನೆಗಳನ್ನು ಲೆಕ್ಕದಿಂದ ಕೈಬಿಡಬೇಕಾಯಿತು. ನೆಪ ಎಂದು ತಳ್ಳಿಹಾಕಿದ್ದರೆ ಆ 50 ಪ್ರಶ್ನೆಗಳು ಲಕ್ಷಾಂತರ ಮಕ್ಕಳ ರ‍್ಯಾಂಕನ್ನು ನಿರ್ಧರಿಸಿಬಿಡುತ್ತಿದ್ದವು. ಪದವಿ ಕಾಲೇಜುಗಳಲ್ಲಿ ಈ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಪ್ರಶ್ನೆ ಪಠ್ಯದೊಳಗೇ ಇರುತ್ತದೆ, ಪಾಠ ಮಾತ್ರ ಆಗಿರುವುದಿಲ್ಲ. 2023ರ ಕೊನೆಯಲ್ಲಿ ಸೇವಾಭದ್ರತೆಗಾಗಿ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದಾಗ ಸರ್ಕಾರಿ ಕಾಲೇಜುಗಳಲ್ಲಿ ಪಾಠ ನಿಂತುಹೋಯಿತು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಪಾಠ ನಡೆದ ಖಾಸಗಿ ಕಾಲೇಜಿನವರಿಗೂ ನಡೆಯದ ಸರ್ಕಾರಿ ಕಾಲೇಜಿನವರಿಗೂ ಪತ್ರಿಕೆ ಒಂದೇ. ಮೌಲ್ಯಮಾಪನ ಎಷ್ಟೇ ನಿಖರವಾಗಿದ್ದರೂ ಈ ಅಂತರ ತುಂಬುವುದಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ ನನಗೆ ಹೆಚ್ಚಿನ ಕಳವಳ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಅನುವಾದದ ತಪ್ಪುಗಳು ಎಷ್ಟಿದ್ದವೆಂದರೆ ಸರ್ಕಾರ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯ ಮೇಲೂ ಅದೇ ದೂರು ಬಂತು. ಒಂದೇ ಜ್ಞಾನವಿರುವ ಇಬ್ಬರಲ್ಲಿ ಒಬ್ಬರಿಗೆ ಪ್ರಶ್ನೆ ಸುಲಭವಾಗಿ, ಇನ್ನೊಬ್ಬರಿಗೆ ಕಠಿಣವಾಗಿ ಪರಿಣಮಿಸಿದರೆ ಆ ಪ್ರಶ್ನೆ ಕೆಟ್ಟದ್ದು ಎಂಬುದು ಪರೀಕ್ಷಾ ವಿಜ್ಞಾನದ ನಿಯಮ. ಅಂಥ ಪ್ರಶ್ನೆಯನ್ನು ಹುಡುಕುವ ವಿಧಾನವೂ ಇದೆ. ಒಟ್ಟು ಅಂಕ ಸಮನಾಗಿರುವ ಕನ್ನಡ ಮಾಧ್ಯಮದವರನ್ನೂ ಇಂಗ್ಲಿಷ್ ಮಾಧ್ಯಮದವರನ್ನೂ ಪಕ್ಕಪಕ್ಕ ಇಟ್ಟು, ಪ್ರತಿ ಪ್ರಶ್ನೆಯಲ್ಲಿ ಯಾರು ಎಷ್ಟು ಗಳಿಸಿದರು ಎಂದು ನೋಡುವುದು. ಒಂದು ಪ್ರಶ್ನೆಯಲ್ಲಿ ಮಾತ್ರ ಕನ್ನಡದವರು ಕುಸಿದಿದ್ದರೆ ತಪ್ಪು ಆ ಪ್ರಶ್ನೆಯ ಕನ್ನಡದಲ್ಲಿರುವ ಸಂಭವ ಹೆಚ್ಚು. ಜಮಖಂಡಿ, ಬನಹಟ್ಟಿಯ ಬಿ.ಎ., ಬಿ.ಕಾಂ. ತರಗತಿಗಳಲ್ಲಿ ಕನ್ನಡದಲ್ಲಿ ಬರೆಯುವವರು ಕಡಿಮೆಯಿಲ್ಲ. ಇಂಗ್ಲಿಷಿನಲ್ಲಿ ತಯಾರಾಗಿ ಕನ್ನಡಕ್ಕೆ ಇಳಿದ ಪ್ರಶ್ನೆಯನ್ನು ಪಾಠ ಮಾಡಿದ ಮೇಷ್ಟ್ರೊಬ್ಬರು ಮೊದಲೇ ಒಮ್ಮೆ ಓದಿ ನೋಡುವ ವ್ಯವಸ್ಥೆಯಾದರೂ ಇರಬೇಕು.

ಬಿಸಿಲನ್ನೂ ಮರೆಯಬಾರದು. ಅಮೆರಿಕದ ಜಿಸುಂಗ್ ಪಾರ್ಕ್ ನ್ಯೂಯಾರ್ಕ್ ಶಾಲೆಗಳ ಲಕ್ಷಾಂತರ ಪರೀಕ್ಷಾ ಫಲಿತಾಂಶಗಳನ್ನು ಆಯಾ ದಿನದ ಉಷ್ಣಾಂಶದ ಜೊತೆ ಹೋಲಿಸಿ, ಸುಮಾರು 32 ಡಿಗ್ರಿಯ ದಿನ ಬರೆದವರ ಅಂಕ ತಂಪು ದಿನ ಬರೆದವರಿಗಿಂತ ಕಡಿಮೆ ಎಂದು ತೋರಿಸಿದ್ದಾರೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುತ್ತದೆ. ಫ್ಯಾನ್ ತಿರುಗುವ ಕೊಠಡಿಗೂ ಕರೆಂಟ್ ಹೋದ ಕೊಠಡಿಗೂ ಇರುವ ವ್ಯತ್ಯಾಸ ಅಂಕಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ.

ಹೀಗೆ ಬಂದ ದೋಷಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಅಂಕಿಯಲ್ಲಿ ಹೇಳಬಹುದು. ಅದನ್ನು ಮಾಪನದ ಪ್ರಮಾಣದೋಷ ಎನ್ನುತ್ತಾರೆ. ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಹಾಕಿದ ಬುನಾದಿಯ ಮೇಲೆ ಇದು ನಿಂತಿದೆ. ಪಡೆದ ಅಂಕ ಎಂದರೆ ನಿಜವಾದ ಅಂಕ ಮತ್ತು ದೋಷ ಎರಡರ ಮೊತ್ತ. 80 ಅಂಕದ ಒಂದು ಪತ್ರಿಕೆಯಲ್ಲಿ ವಿದ್ಯಾರ್ಥಿಗಳ ಅಂಕಗಳ ಹರಡುವಿಕೆ, ಅಂದರೆ ಮಾನಕ ವಿಚಲನೆ, 12 ಎಂದಿಟ್ಟುಕೊಳ್ಳೋಣ. ಪರೀಕ್ಷೆಯ ವಿಶ್ವಾಸಾರ್ಹತೆ, ಅಂದರೆ ಅಂಕಗಳ ಏರಿಳಿತದಲ್ಲಿ ವಿದ್ಯಾರ್ಥಿಗಳ ನಿಜವಾದ ವ್ಯತ್ಯಾಸದ ಪಾಲು, 0.75 ಎಂದುಕೊಳ್ಳೋಣ. 1ರಿಂದ 0.75 ಕಳೆದರೆ 0.25, ಅದರ ವರ್ಗಮೂಲ 0.5, ಅದನ್ನು 12ರಿಂದ ಗುಣಿಸಿದರೆ 6. ಈ ಪತ್ರಿಕೆಯ ಪ್ರಮಾಣದೋಷ 6 ಅಂಕ. ನಿಜವಾದ ಯೋಗ್ಯತೆ 35 ಇರುವ ವಿದ್ಯಾರ್ಥಿಗೆ ಮೂರರಲ್ಲಿ ಎರಡು ಸಲ 29ರಿಂದ 41ರ ನಡುವೆ ಅಂಕ ಬರುತ್ತದೆ, ಉಳಿದ ಸಲ ಅದಕ್ಕೂ ಆಚೆ. ಪಾಸಾಗಲು 32 ಬೇಕಿದ್ದರೆ, ಪಾಸಾಗಲೇಬೇಕಾದ ಈ ವಿದ್ಯಾರ್ಥಿ ಹತ್ತರಲ್ಲಿ ಮೂರು ಸಲ ಫೇಲಾಗುತ್ತಾಳೆ. ಯೋಗ್ಯತೆ 30ರಷ್ಟೇ ಇರುವವನು ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಪಾಸಾಗುತ್ತಾನೆ. ಅರವತ್ತು ಪಡೆದವರಿಗೆ ಈ ಆರು ಅಂಕ ದೊಡ್ಡದಲ್ಲ. ಗೆರೆಯ ಹತ್ತಿರ ನಿಂತವರಿಗೆ ಅದು ಬ್ಯಾಕ್‌ಲಾಗ್ ಆಗಬಹುದು, ಒಂದು ವರ್ಷವೇ ಆಗಬಹುದು. ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಓದಿನ ಕೊನೆಯೂ ಆಗಬಹುದು.

ಈ ಅಂಕಿ ನಮ್ಮ ಯಾವ ಅಂಕಪಟ್ಟಿಯಲ್ಲೂ ಅಚ್ಚಾಗುವುದಿಲ್ಲ. ಲ್ಯಾಬಿನಲ್ಲಿ ಸರಳ ಲೋಲಕದ ಪ್ರಯೋಗ ಮಾಡಿದ ಬಿ.ಎಸ್ಸಿ. ವಿದ್ಯಾರ್ಥಿ ದೋಷದ ಮಿತಿ ಬರೆಯದಿದ್ದರೆ ಅಂಕ ಕಳೆಯುವ ವಿಶ್ವವಿದ್ಯಾಲಯ, ಅದೇ ವಿದ್ಯಾರ್ಥಿಯನ್ನು ಅಳೆದು ದೋಷದ ಮಿತಿಯಿಲ್ಲದ ಅಂಕಿ ಕೊಡುತ್ತದೆ. ಇದು ವಿಜ್ಞಾನಕ್ಕೆ ಒಪ್ಪುವ ನಡೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪರಿಹಾರ ಎಂದೊಡನೆ ಎಲ್ಲರ ಬಾಯಲ್ಲಿ ಬರುವುದು ಮರುಮೌಲ್ಯಮಾಪನ. ಅದು ಅಗತ್ಯ, ಆದರೆ ಅದರಲ್ಲೂ ಎರಡು ಕೊರತೆ. ಶುಲ್ಕ ಕಟ್ಟಬಲ್ಲವರು ಮಾತ್ರ ಅರ್ಜಿ ಹಾಕುತ್ತಾರೆ. ರಬಕವಿಯ ಮಗ್ಗದ ಮನೆಯ ಹುಡುಗಿಗೆ ನಾಲ್ಕು ವಿಷಯಕ್ಕೆ ಶುಲ್ಕ ಕಟ್ಟುವುದಕ್ಕಿಂತ ಮತ್ತೊಮ್ಮೆ ಬರೆಯುವುದೇ ಅಗ್ಗವೆನಿಸಬಹುದು. ಹಾಗಾಗಿ ದೋಷ ಎಲ್ಲರಿಗೂ ಹಂಚಿದ್ದರೂ ತಿದ್ದುಪಡಿ ಉಳ್ಳವರಿಗೆ ಹೆಚ್ಚು ಸಿಗುತ್ತದೆ. ಎರಡನೆಯದು, ಹಿಂದಿನವರು ಹಾಕಿದ ಅಂಕವನ್ನು ಕಂಡ ಮೇಲೆ ಎರಡನೆಯವರ ತೀರ್ಪು ಅದರ ಸುತ್ತಲೇ ಸುಳಿಯುತ್ತದೆ. ಎರಡನೆಯ ಅಳತೆ ಮೊದಲನೆಯದನ್ನು ಅರಿಯದೆ ನಡೆದರೆ ಮಾತ್ರ ಅದಕ್ಕೆ ಬೆಲೆ. ಹಾಗೆ ಸ್ವತಂತ್ರವಾಗಿ ಇಬ್ಬರು ನೋಡಿ ಸರಾಸರಿ ತೆಗೆದರೆ ಮೌಲ್ಯಮಾಪಕರ ಪಾಲಿನ ದೋಷ ಸುಮಾರು ಶೇ 30ರಷ್ಟು ಇಳಿಯುತ್ತದೆ. ಅರ್ಧಕ್ಕೆ ಇಳಿಸಲು ನಾಲ್ವರು ಬೇಕು. ಎಲ್ಲ ಪತ್ರಿಕೆಗೂ ನಾಲ್ವರನ್ನು ಕೂರಿಸಲಾಗದು. ಗೆರೆಯ ಆಚೀಚೆ ಆರು ಅಂಕದೊಳಗಿರುವ ಪತ್ರಿಕೆಗಳನ್ನು ಮಾತ್ರ, ಅರ್ಜಿಯಿಲ್ಲದೆ, ಶುಲ್ಕವಿಲ್ಲದೆ, ಫಲಿತಾಂಶ ಪ್ರಕಟಿಸುವ ಮೊದಲೇ ಇನ್ನೊಬ್ಬರಿಂದ ನೋಡಿಸಬಹುದು.

ಕೃಪಾಂಕ ಇದಕ್ಕೆ ಬದಲಿಯಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಮುಧೋಳ ತಾಲ್ಲೂಕಿನ ಬಾಲಕಿಯೊಬ್ಬಳು 625ಕ್ಕೆ 625 ಪಡೆದು ಜಿಲ್ಲೆಗೆ ಹೆಮ್ಮೆ ತಂದಳು. ಅದೇ ವರ್ಷ ವೆಬ್‌ಕಾಸ್ಟಿಂಗ್ ಬಿಗಿಯಲ್ಲಿ ರಾಜ್ಯದ ಫಲಿತಾಂಶ ಕುಸಿದು, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಶೇ 73.40ಕ್ಕೆ ನಿಂತಿತು. ಹೀಗೆ ಸೇರಿಸಿದ ಅಂಕ ಗೆರೆಯನ್ನು ಕೆಳಗೆ ಸರಿಸುತ್ತದೆ, ಅಳತೆಯ ದೋಷ ಅಷ್ಟೇ ಉಳಿಯುತ್ತದೆ. ಅನ್ಯಾಯ ಈಗ ಬೇರೆಯವರಿಗೆ ಆಗುತ್ತದೆ ಅಷ್ಟೆ.

ಇಡೀ ಪರೀಕ್ಷೆಯನ್ನೇ ಕೈಬಿಟ್ಟರೆ? ಅದನ್ನೂ ಕಂಡಿದ್ದೇವೆ. 2021ರಲ್ಲಿ ಕೋವಿಡ್‌ನಿಂದಾಗಿ ದ್ವಿತೀಯ ಪಿಯು ಪರೀಕ್ಷೆಯಿಲ್ಲದೆ, ಹಿಂದಿನ ಅಂಕಗಳ ಆಧಾರದ ಮೇಲೆ ಎಲ್ಲರನ್ನೂ ಪಾಸು ಮಾಡಲಾಯಿತು. ಮರುವರ್ಷ ಅವರಲ್ಲಿ ಸಿಇಟಿ ಪುನಃ ಬರೆದವರ ಪಿಯು ಅಂಕಗಳನ್ನು ರ‍್ಯಾಂಕಿಗೆ ಪರಿಗಣಿಸಲಿಲ್ಲ. ವಿಷಯ ಹೈಕೋರ್ಟಿಗೆ ಹೋಗಿ 2022ರ ಸೆಪ್ಟೆಂಬರ್‌ನಲ್ಲಿ ಆ ನಿರ್ಧಾರ ರದ್ದಾಯಿತು. ಬ್ರಿಟನ್ನಿನಲ್ಲಿ 2020ರಲ್ಲಿ ಪರೀಕ್ಷೆಯ ಬದಲು ಬಳಸಿದ ಗಣಕ ಸೂತ್ರ ಶಾಲೆಯ ಹಳೆಯ ಫಲಿತಾಂಶ ನೋಡಿ ಮಕ್ಕಳ ಶ್ರೇಣಿ ಇಳಿಸಿತು. ಪ್ರತಿಭಟನೆಯ ಬಳಿಕ ಆಗಸ್ಟ್ 17ರಂದು ಅದನ್ನು ಹಿಂತೆಗೆದುಕೊಂಡರು. ಸಣ್ಣ ಊರಿನ ಕಾಲೇಜಿನ ಜಾಣ ವಿದ್ಯಾರ್ಥಿಗೆ ಅಂಥ ಸೂತ್ರಕ್ಕಿಂತ ದೋಷವಿರುವ ಪರೀಕ್ಷೆಯೇ ಮೇಲು. ಆದ್ದರಿಂದಲೇ ಆ ದೋಷವನ್ನು ತಗ್ಗಿಸುವ ಹೊಣೆ ದೊಡ್ಡದು.

ಈ ಭಾಗದ ಪದವೀಧರರ ಪ್ರಮಾಣಪತ್ರದ ಮೇಲಿನ ಹೆಸರು ಹಲವು ಸಲ ಬದಲಾಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, 2023ರಲ್ಲಿ ಜಮಖಂಡಿಯಲ್ಲೇ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯ. ಆ ವರ್ಷ ಹುಟ್ಟಿದ ಹೊಸ ವಿಶ್ವವಿದ್ಯಾಲಯಗಳ ಪೈಕಿ ಹೆಚ್ಚಿನವನ್ನು ಮುಚ್ಚಬೇಕೆಂಬ ಸಚಿವ ಸಂಪುಟ ಉಪಸಮಿತಿಯ ಶಿಫಾರಸು 2025ರಲ್ಲಿ ಬಂತು. ಪರೀಕ್ಷೆಯ ದೃಷ್ಟಿಯಿಂದ ಒಂದೇ ಜಿಲ್ಲೆಯ ವಿಶ್ವವಿದ್ಯಾಲಯಕ್ಕೆ ಒಂದು ಅಪಾಯ, ಒಂದು ಅನುಕೂಲ. ಮೌಲ್ಯಮಾಪಕರ ಬಳಗ ಚಿಕ್ಕದಾದ್ದರಿಂದ ತಮ್ಮದೇ ವಿದ್ಯಾರ್ಥಿಯ ಕೈಬರಹ ಎದುರಾಗುವ ಸಂಭವ ಹೆಚ್ಚು. ಕೆಲವು ವಿಷಯಗಳಿಗೆ ಹೊರ ಜಿಲ್ಲೆಯವರನ್ನು ಕರೆಸಲೇಬೇಕು. ಅನುಕೂಲವೆಂದರೆ, ಹೊಸ ಪದ್ಧತಿಯನ್ನು ತಾಳೆ ನೋಡುವುದು ಇಲ್ಲಿ ಸುಲಭ. ಒಂದು ವಿಷಯದ 200 ಉತ್ತರಪತ್ರಿಕೆಗಳನ್ನು ಇಬ್ಬರಿಂದ ಪ್ರತ್ಯೇಕವಾಗಿ ನೋಡಿಸಿ, ಅಂಕಗಳ ಅಂತರವನ್ನು ಲೆಕ್ಕ ಹಾಕಿ ಪ್ರಕಟಿಸಿದರೆ ಸಾಕು. ಸಂಖ್ಯಾಶಾಸ್ತ್ರ ಕಲಿಸುವ ಯಾವ ಅಧ್ಯಾಪಕರೂ ಒಂದು ವಾರದಲ್ಲಿ ಮಾಡಬಲ್ಲ ಕೆಲಸ. ರಾಧಾಕೃಷ್ಣನ್ ಆಯೋಗ 1949ರಲ್ಲಿಯೇ, ವಿಶ್ವವಿದ್ಯಾಲಯಗಳಲ್ಲಿ ಒಂದೇ ಒಂದು ಸುಧಾರಣೆ ಹೇಳೆಂದರೆ ಅದು ಪರೀಕ್ಷೆಯದ್ದು ಎಂದಿತ್ತು.

ವಿದ್ಯಾರ್ಥಿಗಳಿಗೆ ಒಂದು ಮಾತು. ಪರೀಕ್ಷೆ ಬರೆದವರಿಗೆ ತಮ್ಮ ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್ 9ರಂದು ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಮರುಮೌಲ್ಯಮಾಪನ ಆಯಾ ವಿಶ್ವವಿದ್ಯಾಲಯದ ನಿಯಮದಲ್ಲಿದ್ದರೆ ಮಾತ್ರ ಸಿಗುತ್ತದೆ, ಪತ್ರಿಕೆ ನೋಡುವ ಹಕ್ಕು ಎಲ್ಲರಿಗೂ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಪುಟಗಳ ನಕಲಿಗೆ ಬೇರೆ. ಪತ್ರಿಕೆಗಳನ್ನು ಕಾಯ್ದಿಡುವ ಅವಧಿ ಮುಗಿಯುವ ಮೊದಲೇ ಕೇಳಿರಿ. ಕೈಗೆ ಬಂದಾಗ ಮೊದಲು ಒಟ್ಟು ಕೂಡಿಸಿ ನೋಡಿರಿ. ಆಮೇಲೆ ಅಂಕ ಹಾಕದೆ ಬಿಟ್ಟ ಉತ್ತರವಿದೆಯೇ ನೋಡಿರಿ. ಬಳಿಕ ಪಾಠ ಮಾಡಿದ ಮೇಷ್ಟ್ರ ಮುಂದೆ ಕುಳಿತು ಒಂದೊಂದೇ ಉತ್ತರ ಓದಿರಿ.